ಸಹಾಯ ಬೇಕು: ಮೈಕ್ ಇಲ್ಲದ ಹಾಡು-ಕವಿತೆಗೆ ಜಾಗ, ಹಾಡುವವರು

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಲ್ಲಿ ನಮ್ಮ ಜನಪದ ಬಳಗದವರು ಒಂದು ಭಾನುವಾರ ಮಧ್ಯಾಹ್ನ ಹಾಡು, ಕವಿತೆ ಓದು ಇಟ್ಟುಕೊಳ್ಳುತ್ತಿದ್ದೇವೆ. ಮೈಕ್ ಇಲ್ಲ, ಕೀಬೋರ್ಡೂ ಇಲ್ಲ. ಏಕತಾರಿ, ದಮ್ಮಡಿ, ತಾಳ, ಕೊಳಲು ಅಷ್ಟೇ.

ಮೊದಲು ಜಾಗ ಬೇಕು. ಕಲ್ಯಾಣ ಮಂಟಪ ಬೇಡ. ಖಾಲಿ ಕಾಂಕ್ರೀಟ್ ಹಾಲ್‌ನಲ್ಲಿ ದನಿ ಗೋಡೆಗೆ ಬಡಿದು ಮಾತೆಲ್ಲ ಕಲಸಿಹೋಗುತ್ತದೆ. ಹಾಡು ಹೇಗೋ ನಡೆದೀತು, ಕವಿತೆಗೆ ಒಂದೊಂದು ಪದವೂ ಕೇಳಬೇಕು. ತಗಡಿನ ಶೀಟ್ ಆದರೆ ಮಳೆ ಬಂದಾಗ ಏನೂ ಕೇಳಿಸುವುದಿಲ್ಲ. ಹಳೇ ಹೆಂಚಿನ ಮನೆಯ ಪಡಸಾಲೆ, ಮಾವಿನ ತೋಪಿನ ನೆರಳು, ಯಾವುದಾದರೂ ಸರಿ. ಐವತ್ತು ಜನ ಚಾಪೆ ಮೇಲೆ ಕೂರುವಷ್ಟಿದ್ದರೆ ಸಾಕು. ಹೆದ್ದಾರಿಯಿಂದ ದೂರ ಇರಲಿ.

ಇನ್ನೊಂದು, ಕೈವಾರ ತಾತಯ್ಯನವರ ತತ್ವಪದ ಹಾಡುವ ಹಿರಿಯರು ಚಿಂತಾಮಣಿ ಕಡೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕನ್ನಡದ ಪದವಾಗಲಿ, ತೆಲುಗಿನದಾಗಲಿ, ನಮ್ಮ ಕಡೆ ಎರಡೂ ಮನೆಮಾತೇ ಅಲ್ವಾ. ಅವರನ್ನು ಎದುರು ಕೂತು ಕೇಳಬೇಕು ಅನ್ನುವುದೇ ನಮ್ಮ ದೊಡ್ಡ ಆಸೆ. ಬಸ್ ಚಾರ್ಜು, ಊಟ, ಗೌರವಧನ ಕೊಡುತ್ತೇವೆ.

ಕೊಳಲು ನುಡಿಸುವವರು ಬರುವುದಾದರೆ ಶ್ರುತಿ ಮೊದಲೇ ಹೇಳಿ. ಏಕತಾರಿಯ ತಂತಿ ಬಿಗಿ ಮಾಡಬಹುದು, ಬಿದಿರನ್ನು ಆಗುವುದಿಲ್ಲ.

ಸ್ವಂತ ಕವಿತೆ ಓದುವವರೂ ಇಲ್ಲೇ ಕೆಳಗೆ ಹೆಸರು ಹಾಕಿ. ಜಾಗ ಸಿಕ್ಕ ಕೂಡಲೇ ದಿನಾಂಕ ತಿಳಿಸುತ್ತೇವೆ.