ಫ್ಲೂ ತಗುಲದಿರಲು ಏನು ಮಾಡಬೇಕು? ಮಕ್ಕಳ ವೈದ್ಯೆಯನ್ನು ಕೇಳಿ

ಶಿಕ್ಷಕ: ನಮಸ್ಕಾರ ಡಾಕ್ಟರೇ. ಹೋದ ವರ್ಷ ಫ್ಲೂ ಲಸಿಕೆ ಹಾಕಿಸಿಕೊಂಡಿದ್ದೆ. ಈ ವರ್ಷವೂ ಬೇಕೇ?

ವೈದ್ಯೆ: ನಮಸ್ಕಾರ. ಬೇಕು. ವೈರಾಣು ರೂಪ ಬದಲಿಸುತ್ತಲೇ ಇರುತ್ತದೆ, ಹಳೆಯ ಲಸಿಕೆಯ ಬಲವೂ ಕುಗ್ಗುತ್ತದೆ. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬರಲು ಸುಮಾರು 2 ವಾರ ಹಿಡಿಯುತ್ತದೆ. ಊರೆಲ್ಲ ಕೆಮ್ಮುವವರೆಗೆ ಕಾಯಬೇಡಿ.

ಬಾಣಂತಿ: ಮೇಡಂ, ನನ್ನ ಮಗಳಿಗೆ ಏಳು ವಾರ. ದೊಡ್ಡ ಮಗನಿಗೆ ಫ್ಲೂ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಅವನು ತಂಗಿಯ ತೊಟ್ಟಿಲು ಬಿಟ್ಟು ಕದಲುವುದಿಲ್ಲ. ಕೂಸಿಗೆ ಲಸಿಕೆ ಹಾಕಿಸಲೇ?

ನಿವೃತ್ತ: ನನಗೆ 71. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತೇನೆ. ಲಸಿಕೆ ಆಗಬಹುದೇ?

ವೈದ್ಯೆ: ಬಾಣಂತಿ ತಾಯಿಗೆ ಮೊದಲು. 6 ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಇಲ್ಲ; ಸುತ್ತಲಿನ ದೊಡ್ಡವರೇ ಅದಕ್ಕೆ ಬೇಲಿ. ಬಸುರಿಯಾಗಿದ್ದಾಗ ನೀವು ಹಾಕಿಸಿಕೊಂಡಿದ್ದರೆ ಕೂಸಿಗೂ ಸ್ವಲ್ಪ ರಕ್ಷಣೆ ದಾಟಿರುತ್ತದೆ. ಮಗನನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಕಿಟಕಿ ತೆರೆದಿಡಿ. ಅವನ ಮೂಗು ಒರೆಸಿದ ಕೈಯನ್ನು ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ತೊಳೆಯದೆ ಕೂಸನ್ನು ಎತ್ತಿಕೊಳ್ಳಬೇಡಿ. ಜ್ವರ ಕಾಣುವ ಒಂದು ದಿನ ಮೊದಲೇ ಸೋಂಕು ಹರಡತೊಡಗುತ್ತದೆ. ಆದ್ದರಿಂದ ಕೂಸಿಗೆ ಈಗಾಗಲೇ ತಗುಲಿರಬಹುದು ಎಂದುಕೊಂಡೇ ಕಣ್ಣಿಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಮೊಲೆಗೆ ಬಾಯಿ ಹಾಕದಿದ್ದರೆ, ಉಚ್ಚೆ ಕಡಿಮೆಯಾದರೆ, ಉಸಿರೆಳೆದಾಗ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋದರೆ, ಯಾವುದೇ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ. ಈಗ ಹೇಗೆ ಹಾಲು ಕುಡಿಯುತ್ತಿದ್ದಾಳೆ? ಬರೆಯಿರಿ.

ಲೆಕ್ಕಿಗ: ವಾಟ್ಸಾಪ್‌ನಲ್ಲಿ ಬಂದದ್ದು: ದಿನಕ್ಕೆ ಮೂರು ಸಲ ಬಿಸಿ ಹಬೆ ತೆಗೆದುಕೊಂಡರೆ ವೈರಾಣು ಗಂಟಲಿನಲ್ಲೇ ಸಾಯುತ್ತದೆ. ಎಲ್ಲರಿಗೂ ಕಳುಹಿಸಿ.

ವೈದ್ಯೆ: ಯಾರಿಗೂ ಕಳುಹಿಸಬೇಡಿ. ಸಾಯುವುದಿಲ್ಲ. ಹಬೆಯ ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡ ಮಕ್ಕಳಿಗೆ ನಾನು ಪಟ್ಟಿ ಕಟ್ಟಿದ್ದೇನೆ.

ಚಾಲಕ: ಉಳಿದ ಆಂಟಿಬಯಾಟಿಕ್ ಮನೆಯಲ್ಲಿದೆ. ಮುಂಜಾಗ್ರತೆಗೆ ನುಂಗಲೇ?

ವೈದ್ಯೆ: ಬೇಡ. ಅದು ಬ್ಯಾಕ್ಟೀರಿಯಾಕ್ಕೆ.

ಗುಮಾಸ್ತ: ಲಸಿಕೆಯಿಂದಲೇ ಫ್ಲೂ ಬರುತ್ತದೆ. ನಾನಂತೂ ಜ್ವರ ಬಂದರೆ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತೇನೆ.

ಶಿಕ್ಷಕ: ನಿಮ್ಮಂಥವರಿಂದಲೇ ನನ್ನ ತರಗತಿ ಅರ್ಧ ಖಾಲಿಯಾಗಿದೆ.

ಗುಮಾಸ್ತ: ರಜೆ ಹಾಕಿದರೆ ನನ್ನ ಸಂಬಳ ನೀವು ಕೊಡುತ್ತೀರಾ?

ಚಾಲಕ: ದಿನಗೂಲಿಯವರ ಕಷ್ಟವನ್ನೂ ನೋಡಿ ಮೇಷ್ಟ್ರೇ. ಉಪದೇಶ ಸುಲಭ.

ಶಿಕ್ಷಕ: ಪಕ್ಕದಲ್ಲಿ ಕುಳಿತವರ ಮನೆಯಲ್ಲಿ ಕೂಸಿದ್ದರೆ?

ವೈದ್ಯೆ: ಚುಚ್ಚುಮದ್ದಿನಲ್ಲಿ ಜೀವಂತ ವೈರಾಣು ಇಲ್ಲ. ತೋಳು ನೋಯಬಹುದು, ಮೈ ಬಿಸಿಯಾಗಬಹುದು; ಅದು ಫ್ಲೂ ಅಲ್ಲ. ಮಾತ್ರೆಯಿಂದ ಇಳಿದ ಜ್ವರ ವಾಸಿಯಾದ ಜ್ವರವೂ ಅಲ್ಲ. ಮಾತ್ರೆ ಇಲ್ಲದೆ 24 ಗಂಟೆ ಜ್ವರವಿರದಿದ್ದರೆ ಮಾತ್ರ ಹೊರಡಿ, ಹೋಗಲೇಬೇಕಾದರೆ ಮಾಸ್ಕ್ ಹಾಕಿ. ಜಗಳ ನಿಲ್ಲಿಸಿ. ಒಬ್ಬ ತಾಯಿಯ ಉತ್ತರಕ್ಕೆ ಕಾಯುತ್ತಿದ್ದೇನೆ.

ಗೃಹಿಣಿ: ಹೋದ ವರ್ಷ ಲಸಿಕೆ ಆಗಿದೆ. ಮತ್ತೆ ಬೇಕೇ?

ವೈದ್ಯೆ: ಮೊದಲ ಉತ್ತರ ಓದಿ.

ಬಾಣಂತಿ: ಚೆನ್ನಾಗಿ ಕುಡಿಯುತ್ತಿದ್ದಾಳೆ, ಜ್ವರ ಇಲ್ಲ. ಆದರೆ ಮಧ್ಯಾಹ್ನದಿಂದ ನನಗೇ ಚಳಿ, ಮೈಕೈ ನೋವು. ಹಾಲೂಡಿಸುವುದನ್ನು ನಿಲ್ಲಿಸಲೇ?

ನಿವೃತ್ತ: ನನ್ನ ಪ್ರಶ್ನೆಯನ್ನು ಯಾರೂ ನೋಡಲೇ ಇಲ್ಲ.

ವೈದ್ಯೆ: ನಿಲ್ಲಿಸಬೇಡಿ, ತಾಯಿ. ಫ್ಲೂ ಹರಡುವುದು ನಿಮ್ಮ ಉಸಿರು, ಕೆಮ್ಮಿನಿಂದ; ಹಾಲಿನಿಂದಲ್ಲ. ಕೈ ತೊಳೆದು, ಮಾಸ್ಕ್ ಹಾಕಿಕೊಂಡು ಕುಡಿಸಿ. ಉಳಿದ ಹೊತ್ತು ಕೂಸನ್ನು ಆರೋಗ್ಯವಾಗಿರುವವರು ಎತ್ತಿಕೊಳ್ಳಲಿ. ಇವತ್ತೇ ವೈದ್ಯರನ್ನು ಕಾಣಿ: ಒಸೆಲ್ಟಾಮಿವಿರ್ ಔಷಧಿಯನ್ನು ಮೊದಲ 48 ಗಂಟೆಯೊಳಗೆ ಶುರುಮಾಡಿದರೆ ಗುಣ ಹೆಚ್ಚು. ಏಳು ವಾರದ ಕೂಸಿದೆ ಎಂದು ಮೊದಲೇ ಹೇಳಿ. ಕರೆದುಕೊಂಡು ಹೋಗಲು ಮನೆಯಲ್ಲಿ ಯಾರಿದ್ದಾರೆ?