ಸಹಾಯ ಬೇಕು: ಅಪ್ಪಯ್ಯನಿಗೆ ತುರ್ತಾಗಿ ಬೆನ್ನುಹುರಿ ಎಂಆರ್‌ಐ ಆಗಬೇಕು

ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿ ನಮ್ಮದು. ಅಪ್ಪಯ್ಯನಿಗೆ 64 ವರ್ಷ. ಎರಡು ತಿಂಗಳಿಂದ ನಡೆಯುವಾಗ ತೂರಾಡುತ್ತಾರೆ. ನಲವತ್ತು ವರ್ಷ ಅಡಿಕೆ ಹೊರೆ ಹೊತ್ತು ದಾಟಿದ ತೋಟದ ಸಂಕವನ್ನು (ಕಾಲುಸೇತುವೆ) ಈಗ ನನ್ನ ಕೈ ಹಿಡಿದು ದಾಟುತ್ತಾರೆ. ಹವಾಯಿ ಚಪ್ಪಲಿ ಕಾಲಿಂದ ಕಳಚಿದ್ದೂ ಗೊತ್ತಾಗುವುದಿಲ್ಲ. ಕವಳದ ಎಲೆಗೆ ಸುಣ್ಣ ಹಚ್ಚಲು ಬೆರಳು ಮಾತು ಕೇಳುತ್ತಿಲ್ಲ. ನೋವು ಮಾತ್ರ ಇಲ್ಲ, ಹಾಗಾಗಿ ವಯಸ್ಸಾಯ್ತು ಅಂತ ನಾವೂ ಸುಮ್ಮನಿದ್ದೆವು. ಮೊದಲು ತೋರಿಸಿದಲ್ಲಿ ನಿಶ್ಶಕ್ತಿ ಅಂತ ವಿಟಮಿನ್ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು.

ನಿನ್ನೆ ನರರೋಗ ತಜ್ಞರು ಮೊಣಕಾಲಿಗೆ ಸುತ್ತಿಗೆ ತಟ್ಟಿದ್ದೇ ತಡ, ಕಾಲು ಒದ್ದ ಹಾಗೆ ಹಾರಿತು. ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಕೊಂಡಿರಬಹುದು, ಎಕ್ಸ್‌ರೇಯಲ್ಲಿ ಮೂಳೆ ಕಂಡರೂ ಹುರಿ ಕಾಣುವುದಿಲ್ಲ, ತಡ ಮಾಡದೆ ಇಡೀ ಬೆನ್ನಿನ ಎಂಆರ್‌ಐ ಮಾಡಿಸಿ ಎಂದರು. ಮೂತ್ರ ಕಟ್ಟಿದರೆ ಅಥವಾ ಕಾಲು ಪೂರ್ತಿ ಸೋತರೆ ಸರದಿ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಬೇಕಂತೆ. ವಿಚಾರಿಸಿದ ಒಂದು ಕಡೆ ಹನ್ನೊಂದು ದಿನ ಬಿಟ್ಟು ಬನ್ನಿ ಅಂದರು!

ನಾಳೆ ನಾಡಿದ್ದರೊಳಗೆ ಎಲ್ಲಿ ಆಗಬಹುದು? ಹುಬ್ಬಳ್ಳಿ ಸುಮಾರು 100 ಕಿ.ಮೀ., ಅದೇ ಅನುಕೂಲ. ಮಣಿಪಾಲವಾದರೂ ಅಡ್ಡಿಲ್ಲ, ಆದರೆ ದೇವಿಮನೆ ಘಟ್ಟದ ತಿರುವಿನಲ್ಲಿ ಕುತ್ತಿಗೆ ಅಲುಗದ ಹಾಗೆ ಕರೆದೊಯ್ಯುವುದು ಹೇಗೆ ಅನ್ನೋದೇ ಚಿಂತೆ. 2011ರಲ್ಲಿ ಮರದಿಂದ ಬಿದ್ದಾಗ ತೊಡೆಗೆ ರಾಡ್ ಹಾಕಿದ್ದಾರೆ, ಅದರ ಕಾಗದ ಸಿಗುತ್ತಿಲ್ಲ. ಎಂಆರ್‌ಐ ಅಯಸ್ಕಾಂತದ ಯಂತ್ರವಾದ್ದರಿಂದ ಭಯ; ಯಾರಿಗಾದರೂ ರಾಡ್ ಇದ್ದೂ ಎಂಆರ್‌ಐ ಮಾಡಿದ್ದಾರಾ? ಆಯುಷ್ಮಾನ್ ಕಾರ್ಡಿಗೆ ತಾಲೂಕು ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ತರಬೇಕಾ? ಗೊತ್ತಿದ್ದವರು ದಯವಿಟ್ಟು ಇವತ್ತೇ ಮೆಸೇಜ್ ಮಾಡಿ, ರಾತ್ರಿ ಎಷ್ಟು ಹೊತ್ತಾದರೂ ನೋಡುತ್ತೇನೆ.