ಮಗಳ ಮೊದಲ ಮೀನಿನ ತೊಟ್ಟಿಗೆ ಯಾವ ಮೀನು ತರಲಿ?

ಗುಬ್ಬಿಗೂಡು (ತುಮಕೂರು):

ನಮಸ್ಕಾರ. ನನ್ನ ಮಗಳಿಗೆ ಏಳು ವರ್ಷ. ಮೀನು ಸಾಕಲೇಬೇಕು ಅಂತ ಹಟ ಹಿಡಿದಿದ್ದಾಳೆ. ಅವಳ ಸೋದರಮಾವ ಒಂದೂವರೆ ಅಡಿ ಉದ್ದದ ಗಾಜಿನ ಟ್ಯಾಂಕ್ ಕೊಡಿಸಿದ್ದಾನೆ. ಅಗಲ, ಎತ್ತರ ಒಂದೊಂದು ಅಡಿ. ಅಂಗಡಿಯವರು ನಾಲ್ಕು ಗೋಲ್ಡ್‌ಫಿಶ್, ಜೊತೆಗೆ ಗಾಜು ಕ್ಲೀನ್ ಮಾಡಲು ಒಂದು ಸಕ್ಕರ್ ಫಿಶ್ ತಗೊಳ್ಳಿ ಅಂದರು. ನಮ್ಮ ಮನೆಯಲ್ಲಿ ಬರುವುದು ಬೋರ್ ನೀರು. ಪಾತ್ರೆ ಒಣಗಿದರೆ ಬಿಳಿ ಕಲೆ ಉಳಿಯುತ್ತೆ. ಇಂಥ ನೀರಲ್ಲಿ ಮೀನು ಬದುಕುತ್ತವಾ? ತಂದ ವಾರಕ್ಕೇ ಸತ್ತರೆ ಮಗು ತುಂಬಾ ನೊಂದುಕೊಳ್ಳುತ್ತಾಳೆ. ತಿಳಿದವರು ದಯವಿಟ್ಟು ಹೇಳಿ.

ಹೇಮಾವತಿ ದಂಡೆ (ಹಾಸನ):

ಮೇಡಂ, ಗೋಲ್ಡ್‌ಫಿಶ್ ಬೇಡ. ಸಕ್ಕರ್ ಅಂತೂ ಬೇಡವೇ ಬೇಡ. ನಾನು ಹಾಸನದಲ್ಲಿ ಬಹಳ ವರ್ಷ ಅಕ್ವೇರಿಯಂ ಅಂಗಡಿ ನಡೆಸಿದವನು, ಮಕ್ಕಳನ್ನು ಕರೆದುಕೊಂಡು ಬಂದ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೆ. ನಿಮ್ಮ ಟ್ಯಾಂಕಿಗೆ ಹಿಡಿಯುವುದು ಸುಮಾರು 40 ಲೀಟರ್. ಕಲ್ಲು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ 35 ಲೀಟರ್ ನೀರು ಉಳಿದೀತು. ಅಂಗಡಿಯಲ್ಲಿ ಹೆಬ್ಬೆರಳಿನಷ್ಟು ಕಾಣುವ ಗೋಲ್ಡ್‌ಫಿಶ್ ಚೆನ್ನಾಗಿ ಬೆಳೆದರೆ ಗೇಣುದ್ದ ಆಗುತ್ತೆ. ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ಸಕ್ಕರ್ ಒಂದಡಿ ದಾಟುತ್ತೆ. ಸಾಕಲಾಗದೆ ಜನ ಅದನ್ನು ಕೆರೆಗೆ ಬಿಡುತ್ತಾರೆ, ಅಲ್ಲಿ ಅದು ನಮ್ಮ ಊರ ಮೀನುಗಳ ಜಾಗ ಕಸಿಯುತ್ತೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಮೊದಲು ನೀರು ನೋಡಬೇಕು, ಆಮೇಲೆ ಮೀನು. ಪಾತ್ರೆಯಲ್ಲಿ ಬಿಳಿ ಕಲೆ ಉಳಿಯುತ್ತೆ ಅಂದರೆ ನಿಮ್ಮದು ಗಡಸು ನೀರು. ನಿಯಾನ್ ಟೆಟ್ರಾ ನೋಡಲು ಚೆಂದ, ಆದರೆ ಅದಕ್ಕೆ ಮೆದು ನೀರು ಹಿತ, ಹೊಸ ಟ್ಯಾಂಕ್ ಆಗಿಬರುವುದಿಲ್ಲ. ಗಪ್ಪಿ ಅನ್ನುವ ಪುಟ್ಟ ಮೀನಿಗೆ ಗಡಸು ನೀರೇ ಇಷ್ಟ. ಅದಕ್ಕೇ ನಾನು ಗಪ್ಪಿ ಅನ್ನುತ್ತೇನೆ, ಅದೂ ಗಂಡು ಮಾತ್ರ, ಒಟ್ಟು ಆರು. ಗಂಡು ಹೆಣ್ಣು ಎರಡೂ ತಂದರೆ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ. ಮಗುವಿಗೆ ಖುಷಿಯೇ, ಆದರೆ ಅಷ್ಟು ಮೀನಿಗೆ ಜಾಗ ಎಲ್ಲಿಂದ ತರ್ತೀರಿ?

ಗುರುತಿಸುವುದು ಸುಲಭ, ಮಗಳಿಗೇ ಕಲಿಸಿ. ಗಂಡು ಚಿಕ್ಕದು, ಬಾಲ ದೊಡ್ಡದು, ಬಣ್ಣ ಜೋರು. ಹೊಟ್ಟೆಯ ಕೆಳಗಿನ ರೆಕ್ಕೆ ಸಣ್ಣ ಕಡ್ಡಿ ಥರ ಹಿಂದಕ್ಕೆ ಚಾಚಿರುತ್ತೆ. ಹೆಣ್ಣು ದಪ್ಪ, ಬಣ್ಣ ಮಂಕು, ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆ. ಅಂಗಡಿಯ ತೊಟ್ಟಿಯಲ್ಲಿ ಒಂದು ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡರೂ ಆ ತೊಟ್ಟಿಯಿಂದ ಏನನ್ನೂ ತರಬೇಡಿ. ರೆಕ್ಕೆ ಮುದುಡಿಕೊಂಡು ಮೂಲೆಯಲ್ಲಿ ನಿಂತದ್ದೂ ಬೇಡ. ಮೈಗೆ ಬಣ್ಣ ಚುಚ್ಚಿದ ಗ್ಲಾಸ್ ಫಿಶ್ ಅಂತ ಮಾರುತ್ತಾರೆ, ಸೂಜಿಯಿಂದ ಮೈಯೊಳಗೆ ಬಣ್ಣ ಬಿಟ್ಟಿರುತ್ತಾರೆ. ಅದು ಹಿಂಸೆ. ಕೊಳ್ಳಬೇಡಿ.

ಈಗ ಮುಖ್ಯ ಮಾತು. ಟ್ಯಾಂಕ್ ತುಂಬಿಸಿದ ದಿನವೇ ಮೀನು ಬಿಡಬೇಡಿ. ಮೀನಿನ ಗಲೀಜಿನಿಂದ ಅಮೋನಿಯಾ ಆಗುತ್ತೆ, ಅದು ಮೀನಿಗೆ ವಿಷ. ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಹೊಸ ಟ್ಯಾಂಕಿನಲ್ಲಿ ಮೀನು ಸಾಯುವುದು ಬಹುತೇಕ ಇದರಿಂದಲೇ. ಸ್ಪಂಜ್ ಫಿಲ್ಟರ್, ಏರ್ ಪಂಪ್ ಹಾಕಿ, ಹೈಡ್ರಿಲ್ಲಾ ಗಿಡ ನೆಟ್ಟು, ಮೀನಿಲ್ಲದೆಯೇ ದಿನಾ ಚಿಟಿಕೆ ಆಹಾರ ಹಾಕುತ್ತಾ ಓಡಿಸಿ, ಅದು ಕೊಳೆತು ಬರುವ ಅಮೋನಿಯಾದಿಂದಲೇ ಆ ಬ್ಯಾಕ್ಟೀರಿಯಾ ಬೆಳೆಯುತ್ತೆ. ಅಮೋನಿಯಾ, ನೈಟ್ರೈಟ್ ನೋಡುವ ಟೆಸ್ಟ್ ಕಿಟ್ ಸಿಗುತ್ತೆ, ಎರಡೂ ಸೊನ್ನೆ ತೋರಿಸಬೇಕು. ಪರಿಚಯದವರ ಆರೋಗ್ಯವಾದ ಟ್ಯಾಂಕಿನಿಂದ ಹಳೇ ಸ್ಪಂಜಿನ ತುಂಡು ಸಿಕ್ಕರೆ ಕೆಲಸ ಬೇಗ ಆಗುತ್ತೆ. ಆಮೇಲೆ ಮೂರು ಮೀನು ಬಿಡಿ, ಎರಡು ವಾರ ಬಿಟ್ಟು ಇನ್ನು ಮೂರು.

ತೆಂಕಣಗಾಳಿ (ಮಂಗಳೂರು):

ಅಣ್ಣ ಹೇಳಿದ್ದು ಸರಿ. ಆದರೆ ಒಂದೇ ಮೀನು ಸಾಕೆಂದರೆ ಬೆಟ್ಟಾ, ಅಂದರೆ ಫೈಟರ್ ಫಿಶ್ ಕೂಡ ಒಳ್ಳೇದು. ಒಂದು ಟ್ಯಾಂಕಿಗೆ ಒಂದೇ ಗಂಡು, ಎರಡಿಟ್ಟರೆ ಕಚ್ಚಾಡಿ ಸಾಯ್ತವೆ. ಮೇಲೆ ಬಂದು ಗಾಳಿ ಕುಡಿಯುತ್ತೆ, ಹಾರುತ್ತೆ ಕೂಡ, ಹಾಗಾಗಿ ಮುಚ್ಚಳ ಬೇಕು. ನಮ್ಮ ಕರಾವಳಿ ಸೆಖೆಗೆ ಹೀಟರ್ ಬೇಡ. ನಿಮ್ಮ ಕಡೆ ಚಳಿಗಾಲಕ್ಕೆ ಬೇಕಾದೀತು. ಗಪ್ಪಿ ಜೊತೆ ಮಾತ್ರ ಇಡಬೇಡಿ, ಆ ಉದ್ದ ಬಾಲ ಕಂಡರೆ ಬೆಟ್ಟಾ ಸುಮ್ನೆ ಇರಲ್ಲ.

ಗುಬ್ಬಿಗೂಡು (ತುಮಕೂರು):

ಇಬ್ಬರಿಗೂ ಧನ್ಯವಾದ. ಗಪ್ಪಿಯೇ ಅಂತ ತೀರ್ಮಾನ ಮಾಡಿದೆವು. ಬೋರ್ ನೀರನ್ನು ನೇರ ಹಾಕಬಹುದಾ? ಕರೆಂಟ್ ಹೋದರೆ? ಇನ್ನೊಂದು, ತಿಂಗಳುಗಟ್ಟಲೆ ಖಾಲಿ ಟ್ಯಾಂಕ್ ನೋಡ್ತಾ ಮಗು ಕಾಯಬೇಕಲ್ವಾ?

ಹೇಮಾವತಿ ದಂಡೆ (ಹಾಸನ):

ಬೋರ್ ನೀರನ್ನು ರಾತ್ರಿಯೇ ಬಕೆಟ್‌ನಲ್ಲಿ ಹಿಡಿದಿಟ್ಟು ಬೆಳಗ್ಗೆ ಹಾಕಿ. ನೆಲದಾಳದಿಂದ ಬಂದ ನೀರಲ್ಲಿ ಆಮ್ಲಜನಕ ಕಡಿಮೆ ಇರುತ್ತೆ, ಗಾಳಿ ತಾಗಲಿ. ನಗರಸಭೆಯ ನೀರಾದರೆ ಕ್ಲೋರಿನ್ ಇರುತ್ತೆ, ಅದನ್ನು ತೆಗೆಯುವ ಆ್ಯಂಟಿ ಕ್ಲೋರಿನ್ ದ್ರಾವಣ ಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಪೂರ್ತಿ ಬೇಡ. ಸ್ಪಂಜನ್ನು ನಲ್ಲಿಯಡಿ ತಿಕ್ಕಬೇಡಿ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ.

ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಪೈಪಿನಲ್ಲಿ ನೀರು ಹಿಂದಕ್ಕೆ ಬಂದು ಪಂಪ್ ಹಾಳಾಗಬಹುದು. ಆರು ಗಪ್ಪಿಗೆ ಕೆಲವು ಗಂಟೆ ಕರೆಂಟ್ ಇಲ್ಲದಿದ್ದರೂ ಏನೂ ಆಗುವುದಿಲ್ಲ. ತುಂಬಾ ಹೊತ್ತಾದರೆ ಲೋಟದಲ್ಲಿ ನೀರು ಎತ್ತಿ ಎತ್ತಿ ಸುರಿಯಿರಿ. ಡಿಸೆಂಬರ್‌ನಲ್ಲಿ ಟ್ಯಾಂಕ್ ಕಿಟಕಿ ಪಕ್ಕ ಬೇಡ. ನೀರು 20 ಡಿಗ್ರಿಗಿಂತ ತಣ್ಣಗಾದರೆ 50 ವ್ಯಾಟ್ ಹೀಟರ್ ಹಾಕಿ. ಪ್ಲಗ್ ತೆಗೆಯದೆ ಮಗು ನೀರಿಗೆ ಕೈ ಹಾಕಬಾರದು, ಇದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಿಕೊಡಿ.

ಮಗು ಕಾಯುವ ವಿಷಯಕ್ಕೆ ಬಂದರೆ, ಕಿಟ್‌ನ ಬಣ್ಣ ನೋಡಿ ದಿನಾಂಕದ ಜೊತೆ ಬರೆದಿಡುವ ಕೆಲಸ ಅವಳಿಗೇ ಕೊಡಿ. ರಾಸಾಯನಿಕದ ಹನಿ ನೀವು ಹಾಕಿ. ಗಿಡ ಎಷ್ಟು ಬೆಳೆಯಿತು ಅಂತ ಸ್ಕೇಲಿಟ್ಟು ಅಳೆಯಲಿ. ಮೀನು ಬಂದ ಮೇಲೆ ವಾರದ ಮಾತ್ರೆ ಹಾಕಿಡುವ ಡಬ್ಬಿ ಬರುತ್ತಲ್ಲ, ಅದರ ಒಂದೊಂದು ಮನೆಗೆ ಒಂದು ದಿನದ ಆಹಾರ ನೀವು ತುಂಬಿಸಿ. ಅರ್ಧ ಬೆಳಗ್ಗೆ, ಅರ್ಧ ಸಂಜೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಇರಲಿ. ಡಬ್ಬಿಯಲ್ಲಿ ಆ ದಿನದ ಮನೆ ಖಾಲಿಯಾಗಿದ್ದರೆ ಮತ್ತೆ ಹಾಕುವಂತಿಲ್ಲ, ಮೀನು ಎಷ್ಟು ಮೇಲೆ ಬಂದು ಕೇಳಿದರೂ. ಅಜ್ಜಿ ತಾತ ಮನೆಯಲ್ಲಿದ್ದರೆ ಅವರಿಗೂ ಈಗಲೇ ಹೇಳಿಬಿಡಿ, ಪ್ರೀತಿಗೆ ಅನ್ನದ ಅಗುಳು, ಬಿಸ್ಕತ್ತಿನ ಪುಡಿ ಹಾಕುವವರು ಸಾಮಾನ್ಯವಾಗಿ ಅವರೇ.